ಎಡಹೆಗಲ ಮೇಲಿನ ಮಗು

"ಎತ್ಕೋ ಅಪ್ಪ" ಎಂದು ಮಗಳು ಕೆರೆ ಏರಿಯ ಮೇಲೆ ಕೈಚಾಚಿ ನಿಂತಳು. ಚಿಕ್ಕರಂಗಯ್ಯ ತನ್ನ ಎಡಹೆಗಲನ್ನೊಮ್ಮೆ ನೋಡಿಕೊಂಡು, "ಆಗಲ್ಲ ಕಣವ್ವ, ನಿನ್ನ ಎತ್ಕೊಂಡ್ರೆ ಇವ್ನು ಜಾರ್ತಾನೆ. ನಡ್ಕೊಂಡೇ ಬಾ" ಎಂದ. ಹಿಂದೆ ಕಡಲೆಗಿಡದ ಹೊರೆ ಹೊತ್ತು ಬರುತ್ತಿದ್ದ ಅವನ ಹೆಂಡತಿ ಓಬಕ್ಕ ಆ ಮಾತು ಕೇಳಿಸಿಕೊಂಡು ಹೊರೆಯನ್ನು ಅಲ್ಲೇ ನೆಲಕ್ಕೆ ಒಗೆದಳು.

ಆ 'ಇವನು' ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆದರೆ ಚಿಕ್ಕರಂಗಯ್ಯನ ಎಡಹೆಗಲ ಮೇಲೆ ಒಂದು ಮಗು ಕೂತಿದೆಯೆನ್ನುವುದು ಅವರ ಊರು ಪುರವರದಲ್ಲಿ ಎಲ್ಲರಿಗೂ ಗೊತ್ತಿತ್ತು. ಹೊಳವನಹಳ್ಳಿ ಕಡೆಯ ನಂದೀಶ್ವರಯ್ಯನವರ ಮನೆಯಲ್ಲಿ ಚಿಕ್ಕಂದಿನಿಂದ ಜೀತಕ್ಕಿದ್ದವನು ಅವನು. ಮದುವೆಯಾದ ಮೇಲೂ ಹೆಂಡತಿ ಮನೆಗೆ ಹಬ್ಬಕ್ಕೊಮ್ಮೆ ಬಂದು ಹೋಗುವ ನೆಂಟನ ಹಾಗಿದ್ದ. ಐವತ್ತೇಳನೇ ಇಸವಿಯ ಯುಗಾದಿ ಕಳೆದ ಮೇಲೆ ಯಜಮಾನರು ಹೊಲ ಮಾರಿ ತುಮಕೂರು ಸೇರಿದರು, ಇವನ ಜೀತ ಬಿಟ್ಟಿತು. ಊರಿಗೆ ನಡೆದುಬಂದ ದಿನವೇ ಅವನ ಮೈ ಎಡಕ್ಕೆ ವಾಲಿತ್ತು. ಬೀದಿನಾಯಿಗಳು ಅವನ ಹೆಗಲಿನತ್ತ ಕತ್ತೆತ್ತಿ ಬೊಗಳುತ್ತಿದ್ದವು. ಬೆಳಿಗ್ಗೆ ಎದ್ದರೆ ಕಂಬಳಿಯ ಆ ಮಗ್ಗುಲು ಉಚ್ಚೆಯಿಂದ ಒದ್ದೆಯಾಗಿರುತ್ತಿತ್ತು. ಅದನ್ನು ಒಗೆದು ಬಿಸಿಲಿಗೆ ಹರವುವುದು ಓಬಕ್ಕನ ಪಾಲಿನ ಕೆಲಸ.

ಅದು ಯಜಮಾನರ ಮಗ ಶಂಕರಲಿಂಗಪ್ಪನೇ ಎನ್ನುವುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಹಳ್ಳ ದಾಟಿಸಿ ಸ್ಕೂಲಿಗೆ ಬಿಟ್ಟುಬರುತ್ತಿದ್ದವನು ತನ್ನ ಗಂಡನೇ ತಾನೆ? ಆ ಹುಡುಗ ಮೀಸೆ ಬಂದು ತುಮಕೂರಿನಲ್ಲಿ ಓಡಾಡಿಕೊಂಡಿದ್ದರೂ ಅವನ ಎಳೆತನ ಮಾತ್ರ ಇಲ್ಲಿ ಕೂತು ತಿನ್ನುತ್ತಿದೆ. ತಿನ್ನುತ್ತಿದ್ದುದೂ ನಿಜವೇ. ಗಂಡ ಮುದ್ದೆ ಮುರಿದು ಮೊದಲ ತುತ್ತನ್ನು ಹೆಗಲಿಗೆ ಹಿಡಿಯುತ್ತಿದ್ದ, ಕೈ ಖಾಲಿಯಾಗಿ ಕೆಳಗೆ ಬರುತ್ತಿತ್ತು. ಎದುರಿಗೆ ಕೂತ ಮಗಳು ಆ ಕೈಯನ್ನೇ ನೋಡುತ್ತಿದ್ದಳು. ಮಲಗಿದರೆ ಗಂಡಹೆಂಡಿರ ನಡುವೆಯೂ ಅದೇ. ಈ ಮಗಳು ಹುಟ್ಟಿದಾಗ ಆ ಮನೆಯವರು ಇವನನ್ನು ಒಂದು ದಿನದ ಮಟ್ಟಿಗೂ ಕಳಿಸಿರಲಿಲ್ಲ. ಸ್ವಂತ ಕೂಸಿಗೆ ಸಿಗದ ಹೆಗಲು ಯಾರದೋ ಮಗನ ಪಾಲಾಗಿದೆ ಎಂದು ಓಬಕ್ಕನ ಹೊಟ್ಟೆ ಉರಿಯುತ್ತಿತ್ತು. ಆ ಉರಿಯಲ್ಲಿ ಒಮ್ಮೆ, ಒಲೆಯ ಮೇಲಿನ ಕುದಿವ ಮಡಕೆಯಿಂದ ತೆಗೆದ ಮುದ್ದೆಕೋಲನ್ನು ಹೆಗಲ ಮೇಲಿನ ಆ ಬರಿಯ ಜಾಗಕ್ಕೆ ತಿವಿದೇ ಬಿಟ್ಟಿದ್ದಳು. ಗಂಡನ ಮೈಮೇಲೆ ಒಂದು ಬೊಬ್ಬೆಯೂ ಏಳಲಿಲ್ಲ. ಆದರೆ ಸಂಜೆಯವರೆಗೆ ಮನೆಯಲ್ಲಿ ಯಾರೋ ಬಿಕ್ಕುತ್ತಿದ್ದರು. ಓಬಕ್ಕನಿಗೆ ಒಳಗೊಳಗೇ ಹಿತವಾಗಿತ್ತು.

ಇವತ್ತು ಅವಳು ಗಂಡನ ರಟ್ಟೆ ಹಿಡಿದು ಏರಿಯಿಂದ ಕೆಳಗೆ, ನೀರಿನೊಳಕ್ಕೇ ಎಳೆದುಕೊಂಡು ಹೋದಳು.

"ಇಳಿಸ್ಬುಡು ಅವನ್ನ. ಇಲ್ಲೇ ಇಳಿಸ್ಬುಡು."

"ಇಳಿಯಲ್ಲ ಕಣೇ. ಹೆದರ್ಕೊಂಡವ್ನೆ."

"ಯಜಮಾನ್ರ ಮಗಂಗೆ ಯಾತರ ಹೆದ್ರಿಕೆ? ಹೆದರ್ಬೇಕಾದ್ದು ನಮ್ ಕೂಸು."

ಚಿಕ್ಕರಂಗಯ್ಯ ಮೊಣಕಾಲುದ್ದದ ನೀರಿನಲ್ಲಿ ನಿಂತು ಹೆಂಡತಿಯ ಮುಖವನ್ನೇ ನೋಡಿದ. "ಯಜಮಾನ್ರ ಮಗ ಅಂತ ನಿಂಗ್ಯಾರು ಯೋಳಿದ್ದು?"

ಹೆಗಲಿನಿಂದ ಕಿತ್ತೆಸೆಯಲೆಂದು ಕೈ ಎತ್ತಿದ್ದ ಓಬಕ್ಕನ ಕಣ್ಣು ಅಷ್ಟರಲ್ಲಿ ನೀರಿನ ಮೇಲೆ ಬಿತ್ತು. ಗಂಡನ ಬಿಂಬದ ಹೆಗಲ ಮೇಲೆ ಕಡ್ಡಿಕಾಲಿನ ಒಬ್ಬ ಕಪ್ಪು ಹುಡುಗ ಅವನ ಕೂದಲನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಕೂತಿದ್ದ. ಒಂದು ಕಾಲಿಗೆ ಕರು ಕಟ್ಟುವ ಹಗ್ಗ. ಹುಬ್ಬು, ಗದ್ದ, ಅಗಲ ಕಿವಿ ಎಲ್ಲ ತನ್ನ ಮಗಳದ್ದೇ. ಮಗಳಿಗೆ ಅವು ಯಾರಿಂದ ಬಂದಿದ್ದವೋ ಅವನದ್ದು. ಕೆನ್ನೆಯ ಮೇಲೆ ಮುದ್ದೆಕೋಲು ತಾಗಿ ಸುಟ್ಟ ಗಾಯ ಇನ್ನೂ ಹಸಿಯಾಗಿತ್ತು.

"ನಮ್ಮಪ್ಪ ನನ್ನ ಆ ಮನೆ ಕೊಟ್ಟಿಗೇಲಿ ಬುಟ್ಟೋದ ದಿನ, ಅಪ್ಪನ ಹಿಂದೇನೇ ಓಡ್ತೀನಿ ಅಂತ ಕಾಲ್ಗೆ ಹಗ್ಗ ಕಟ್ಟಿದ್ರು" ಎಂದ ಚಿಕ್ಕರಂಗಯ್ಯ. "ಆಮೇಲೆ ನಾನು ದೊಡ್ಡೋನಾದೆ. ಇವ್ನು ಆಗ್ಲಿಲ್ಲ. ಜೀತ ಬುಟ್ಟಾಗ ಹೋಗಿ ನೋಡಿದ್ರೆ ಕೊಟ್ಟಿಗೆ ಮೂಲೇಲಿ ಅಂಗೇ ಕುಂತಿದ್ದ. ಒಬ್ಬನ್ನೇ ಬುಟ್ಟು ಬರಾಕೆ ಮನಸಾಗ್ಲಿಲ್ಲ."

ಓಬಕ್ಕ ಎತ್ತಿದ್ದ ಕೈಯನ್ನು ಇಳಿಸಿದಳು. ಗಂಡನ ಎದೆಯ ಮೇಲೆ, ಆ ಕಾಣದ ಕಾಲು ಇಳಿಬಿದ್ದಿದ್ದ ಕಡೆ, ಕೈಯಾಡಿಸಿದಳು. ಹಗ್ಗದ ಗಂಟು ಸಿಕ್ಕಿತು. ವರ್ಷಗಳಿಂದ ನೆನೆದು ಬಿಗಿದುಕೊಂಡಿತ್ತು, ಬೆರಳಿಗೆ ಬಗ್ಗಲಿಲ್ಲ. ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ಬಾಯಿಗೆ ಸಗಣಿಯ, ಕಣ್ಣೀರಿನ ರುಚಿ ಹತ್ತಿತು. "ಬಾ ಮಗ" ಎಂದು ಸೊಂಟ ಒಡ್ಡಿದಳು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ತಣ್ಣನೆಯ ಎರಡು ಕಾಲುಗಳು ಅವಳ ನಡುವನ್ನು ಸುತ್ತಿಕೊಂಡವು. ಸೆರಗನ್ನು ಕೆರೆಯ ನೀರಿನಲ್ಲಿ ಅದ್ದಿ, ಕಾಣದ ಆ ಕೆನ್ನೆಯನ್ನು ಹುಡುಕಿ ಮೆಲ್ಲಗೆ ಒತ್ತಿದಳು.

ಚಿಕ್ಕರಂಗಯ್ಯನ ಮೈ ನೆಟ್ಟಗಾಯಿತು. ಏರಿ ಹತ್ತಿ, ಬಿದ್ದಿದ್ದ ಹೊರೆಯನ್ನು ತಲೆಗೇರಿಸಿಕೊಂಡ. ಮಗಳು ಓಡಿಬಂದು ಅವನ ಕೈ ಹಿಡಿದಳು. ಓಬಕ್ಕ ಸೊಂಟವನ್ನು ಒಂದು ಕಡೆಗೆ ವಾಲಿಸಿಕೊಂಡು ಮುಂದೆ ಮುಂದೆ ನಡೆದಳು. ಹಿಂದಿನಿಂದ ಗಂಡನ ಹೆಜ್ಜೆ ನಿಂತದ್ದು ತಿಳಿದು ತಿರುಗಿದಳು. ಕಾಣದ ಹುಡುಗ ಒರಗಿದ್ದ ಅವಳ ಭುಜವನ್ನೇ ಅವನು ನೋಡುತ್ತಿದ್ದ.

"ಮಲಗ್ಬುಟ್ನಾ?"

"ಹೂಂ."

"ನನ್ ತಾವ ಒಂದಿನಾನೂ ಮಲಗ್ಲಿಲ್ಲ" ಎಂದ. ಅವನ ದನಿಯಲ್ಲಿದ್ದ ಉರಿ ಏನೆಂದು ಓಬಕ್ಕನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.