ಬಿಳಿ ಕಣಗಿಲೆಯ ಕಾವಲು

ಮೊಣಕಾಲು ನೋಯುತ್ತಿತ್ತು. ಸೊಳ್ಳೆಯೊಂದು ಕಿವಿಯಲ್ಲೇ ಸಂಸಾರ ಹೂಡಿತ್ತು. ಆದರೂ ವೈಜನಾಥಪ್ಪ ದಾಸವಾಳದ ಪೊದೆಯ ಹಿಂದೆ ಕುಕ್ಕರಗಾಲಲ್ಲಿ ಕುಳಿತೇ ಇದ್ದರು. ಬೆಳಕು ಇನ್ನೂ ಸರಿಯಾಗಿ ಹರಿದಿರಲಿಲ್ಲ. ಇವತ್ತು ಕಳ್ಳ ಸಿಗಲೇಬೇಕು. ಇವತ್ತು ಶ್ರಾವಣದ ಕೊನೆಯ ಸೋಮವಾರ.

ಹರಕೆ ಸಣ್ಣದಲ್ಲ. ಮಗಳು ಪ್ರಾಜಕ್ತಾಗೆ ಕಂಕಣ ಕೂಡಿಬರಲಿ, ಶ್ರಾವಣದ ಪ್ರತಿ ಸೋಮವಾರ ಇದೇ ಗಿಡದ ಬಿಳಿ ಕಣಗಿಲೆಯನ್ನು ಇಷ್ಟಲಿಂಗಕ್ಕೆ ಏರಿಸುತ್ತೇನೆ ಎಂದು ಬೇಡಿಕೊಂಡಿದ್ದರು. ಶಿವನಿಗೂ ಕೇಳಿಸಿದಂತಿತ್ತು. ನಿಲಂಗಾದ ವರನ ಕಡೆಯವರು ಈ ಕೊನೆಯ ಸೋಮವಾರ ಸಂಜೆ ಫೋನ್ ಮಾಡಿ ಮಾತು ತಿಳಿಸುತ್ತೇವೆ ಎಂದಿದ್ದರು. ಸರಿಯಾಗಿ ಅದೇ ವಾರ ಗಿಡ ಬೋಳಾಗತೊಡಗಿತು. ನಸುಕಿಗೆ ಬಂದು ನೋಡಿದರೆ ಅರಳಿದ ಹೂವು ಒಂದೂ ಇಲ್ಲ.

ಉದಗೀರದ ಪೇಟೆಯಲ್ಲಿ ಹೂವಿಗೇನು ಬರವೆ? ಆದರೆ ಪೇಟೆಯ ಹೂವು ಯಾರ ತೋಟದ್ದೋ, ಯಾರ ಕೈ ಹಾಯ್ದು ಬಂದದ್ದೋ. ಅಂಥ ಹೂವನ್ನು ಲಿಂಗಕ್ಕೆ ಮುಟ್ಟಿಸುವವರಲ್ಲ ವೈಜನಾಥಪ್ಪ.

ಗಿಡದ ಸಂಗಡ ಬಾಳುವ ಕಷ್ಟ ಊರಿನಲ್ಲಿ ತಮಗೊಬ್ಬರಿಗೇ ಗೊತ್ತು ಎಂದು ಅವರ ನಂಬಿಕೆ. ಯಾವನೋ ಪುಣ್ಯಾತ್ಮ ಕಂಪೌಂಡಿನ ತುಂಬ ಕಾಗದದ ಹೂವಿನ ಬಳ್ಳಿ ಹಬ್ಬಿಸಿದ್ದ. ದೇವರಿಗೆ ಹೂವಿಲ್ಲ, ಧೋತರಕ್ಕೆ ಮುಳ್ಳು. ಬೇಸಿಗೆಯಲ್ಲಿ ಟೊಂಗೆ ಕಡಿದ ಆಳು ಇನ್ನೂ ಬುದ್ಧಿವಂತ. ಕೈಗೆಟಕುವುದನ್ನೆಲ್ಲ ಕಡಿದು ಎಟಕದ್ದನ್ನು ಉಳಿಸಿದ. ಅಂದಿನಿಂದ ಮುರಿದ ಕೊಡೆಯ ಹಿಡಿಕೆಯನ್ನು ಕೋಲಿಗೆ ಕಟ್ಟಿ ಜಗ್ಗುವ ಕರ್ಮ. ಗೇಟು ಕಿರ್ರೆಂದು ಕಿರುಚುತ್ತಿತ್ತು. ಅದಕ್ಕೆ ಎಣ್ಣೆ ಬಿಟ್ಟವರೂ ಇವರೇ, ಇನ್ಯಾರಿಗೆ ಬಿದ್ದಿತ್ತು? ಗೇಟಿನ ಬಳಿ ಮಲಗುವ ಓಣಿಯ ನಾಯಿಗೆ ದಿನವೂ ಅರ್ಧ ರೊಟ್ಟಿ ಹಾಕಿ ಬೊಗಳದಂತೆ ಪಳಗಿಸಿದವರೂ ಇವರೇ. ಆ ಕೃತಘ್ನ ಪ್ರಾಣಿ ಕಳ್ಳ ಬಂದಾಗಲೂ ಬೊಗಳಲಿಲ್ಲ.

ಹೆಂಡತಿ ಕಸ್ತೂರಬಾಯಿಗೆ ಇದೆಲ್ಲ ಎಲ್ಲಿ ತಿಳಿಯಬೇಕು.

“ಇಷ್ಟು ಜೀವಾ ಬಿಡ್ತೀರಿ, ಒಂದು ದಿನರ ಆ ಗಿಡಕ್ಕ ಒಂದು ತಂಬಿಗಿ ನೀರು ಹಾಕೀರೇನು?” ಎಂದು ರಾತ್ರಿ ಕೇಳಿದ್ದಳು.

“ನೀರು ಹಾಕೋರು ಬ್ಯಾರೆ ಅದಾರ. ನಂದು ಭಕ್ತಿ,” ಎಂದಿದ್ದರು.

ಕಳ್ಳ ಯಾರು? ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ, ಆದರೆ ಕಣಗಿಲೆಯನ್ನು ಆಡೂ ಮುಟ್ಟುವುದಿಲ್ಲ. ಹಾಗಾದರೆ ಇದು ಎರಡು ಕಾಲಿನದೇ. ಹೋದ ವಾರ ಸಾಮಾನು ತುಂಬಿದ ಟೆಂಪೋ ಒಂದು ಓಣಿಗೆ ಅಡ್ಡ ನಿಂತು ಎಲ್ಲರ ದಾರಿ ಕಟ್ಟಿತ್ತು. ಹೊಸಬರು ಬಂದರು, ಓಣಿ ಕೆಟ್ಟಿತು. ಇಷ್ಟು ವರ್ಷ ಎಂಟು ಗಂಟೆಯವರೆಗೆ ಮಲಗುವ ಸಜ್ಜನರಿದ್ದ ಜಾಗ ಇದು!

ಎದುರು ಮನೆಯ ಗುರುಶಾಂತನಿಗೆ ಗೋಳು ಹೇಳಿಕೊಂಡದ್ದೂ ಆಗಿತ್ತು. “ಓಣ್ಯಾಗ ಹೂವಿನ ಕಳ್ಳರು ಭಾಳ ಆಗ್ಯಾರಪಾ.”

ಗುರುಶಾಂತ ಬೇವಿನ ಕಡ್ಡಿ ಬಾಯಿಂದ ತೆಗೆದು, “ಹೌದ್ರಿ ಕಾಕಾ. ಮದಲ ಒಬ್ಬನೇ ಇದ್ದ,” ಎಂದಿದ್ದ. ಈಗಿನವರಿಗೆ ಎಲ್ಲದರಲ್ಲೂ ಹುಡುಗಾಟ.

ಹಿತ್ತಲ ಕಡೆ ಸಪ್ಪಳವಾಯಿತು. ತಲೆಗೆ ಸ್ಕಾರ್ಫ್ ಸುತ್ತಿದ ಹೆಂಗಸೊಬ್ಬಳು ಬುಟ್ಟಿ ಹಿಡಿದು ಬಂದಳು. ಐವತ್ತು ದಾಟಿದ ಜೀವ. ಈ ವಯಸ್ಸಿನಲ್ಲಿ ಹಿತ್ತಲ ಗೋಡೆ ಹಾರಿದ್ದಾಳಲ್ಲ ಎಂದು ವೈಜನಾಥಪ್ಪನಿಗೆ ಸೋಜಿಗವಾಯಿತು. ನಾಯಿ ಎದ್ದು ಆಕೆಗೂ ಬಾಲ ಆಡಿಸಿತು. ಆಕೆ ಒಂದೊಂದೇ ಹೂವು ಬಿಡಿಸತೊಡಗಿದಳು, ಅವಸರವೇ ಇಲ್ಲ. ಎಂಥ ಧೈರ್ಯ!

ಅವರು ಒಮ್ಮೆಗೇ ಮೇಲೆ ಹಾರಬೇಕೆಂದಿದ್ದರು. ಮೊಣಕಾಲು ಒಪ್ಪದೆ ಎರಡು ಸಲಕ್ಕೆ ಎದ್ದರು.

“ಸಿಕ್ಕಿ ನೋಡು!”

ಹೆಂಗಸು ಬೆಚ್ಚಿದಳು. ಅವರ ಮುಖ, ಕೈಯಲ್ಲಿದ್ದ ಕೊಕ್ಕೆಕೋಲು, ಹೆಗಲಿಗಿದ್ದ ಚೀಲ, ಎಲ್ಲವನ್ನೂ ನೋಡಿದಳು.

“ಯಾರ್ರೀ ನೀವು?”

“ನನ್ನೇ ಕೇಳ್ತಿ? ಹನ್ನೆರಡು ವರ್ಷ ಆತು, ಈ ಗಿಡದ ಹೂವು ನನ್ನ ಲಿಂಗ ಬಿಟ್ಟು ಬ್ಯಾರೆ ಕಡಿ ಹೋಗಿಲ್ಲ. ಓಣ್ಯಾಗ ಯಾರನ್ನರ ಕೇಳು.”

“ದಿನಾ?”

“ದಿನಾ. ಮಳಿ ಇರಲಿ, ಥಂಡಿ ಇರಲಿ.”

ಎದುರು ಬಾಗಿಲಲ್ಲಿ ಗುರುಶಾಂತ ಬಂದು ನಿಂತಿದ್ದ. ಬೇವಿನ ಕಡ್ಡಿ ಬಾಯಲ್ಲೇ ನಿಂತುಹೋಗಿತ್ತು. ಕೇಳುವವರು ಒಬ್ಬರಿಂದ ಇಬ್ಬರಾದದ್ದು ಕಂಡು ವೈಜನಾಥಪ್ಪನ ದನಿ ಏರಿತು.

“ಕದ್ದ ಹೂವು ಶಿವ ಮುಟ್ಟಂಗಿಲ್ಲ, ತಿಳೀತೇನು? ಅದನ್ನ ಏರಿಸಿ ಏನು ಬೇಡಿಕೊಂಡ್ರೂ ಹೊಳ್ಯಾಗ ಹುಣಸಿಹಣ್ಣು ಕಿವುಚಿದಂಗ. ಹರಕಿ ಎಲ್ಲಾ ಹಾಳು!”

“ಖರೇನ್ರೀ?” ಆಕೆ ಮೆಲ್ಲಗೆ ಕೇಳಿದಳು.

“ಲಿಂಗದ ಆಣಿ! ತಾ ಇಲ್ಲಿ ಆ ಬುಟ್ಟಿ. ನನ್ನ ಮಗಳ ಲಗ್ನದ ಹರಕಿ ಅದ.”

ಆಕೆ ಬುಟ್ಟಿ ಕೊಟ್ಟಳು. ಬಿಳಿ ಕಣಗಿಲೆ ಬಾಯಿಮಟ ತುಂಬಿತ್ತು. ವೈಜನಾಥಪ್ಪನಿಗೆ ಕಣ್ಣು ಒದ್ದೆಯಾಯಿತು. ಮಗಳ ಅಕ್ಷತೆಯೇ ಕೈಗೆ ಬಂದಷ್ಟು ಹಿಗ್ಗು. ಬುಟ್ಟಿಯನ್ನು ಎದೆಗೊತ್ತಿಕೊಂಡರು.

ಹೆಂಗಸು ಮನೆಯ ಕಿಟಕಿಯತ್ತ ತಿರುಗಿ ಮಗನನ್ನು ಕೂಗಿದಳು: “ಶುಭಂ, ಏಳಪಾ, ಬಾಗಲಾ ತಗದು ಒಂದು ಖುರ್ಚಿ ತಾ, ಈ ಮನಿ ನಮಗ ಮಾರಿದವರು ಹೂವಿನ ಕಳ್ಳ ಒಬ್ಬ ಅದಾನ ಅಂತ ಹೇಳಿದ್ರಲ್ಲ, ಆ ಕಾಕಾ ಬಂದಾರ.”