ಇನ್ನೊಂದು ಏಟು

ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಬಂದರೆ ಈಗಲೂ ನನ್ನ ಕೈ ಮುದ್ದೆ ಕೋಲಿಗಾಗಿ ತಡಕಾಡುತ್ತದೆ.

ಆ ಮಧ್ಯಾಹ್ನ ಅಪ್ಪ ರೇಷ್ಮೆ ಹುಳಕ್ಕೆ ಸೊಪ್ಪು ಹೊತ್ತು ತರುವಾಗ ಬಿದ್ದು, ಕೋಲಾರದಲ್ಲಿ ತಲೆಗೆ ಹೊಲಿಗೆ ಹಾಕಿಸಿಕೊಂಡು ಬಂದು ಮಲಗಿದ್ದ. ಟಿವಿಯ ಸಿನಿಮಾಗಳಲ್ಲಿ ತಲೆಗೆ ಪಟ್ಟಿ ಕಟ್ಟಿಸಿಕೊಂಡವರು ಎದ್ದೊಡನೆ ಮನೆಯವರನ್ನೇ ಮರೆತಿರುತ್ತಿದ್ದರು. ಇನ್ನೊಂದು ಏಟು ಬಿದ್ದರೆ ಎಲ್ಲ ನೆನಪಾಗುತ್ತಿತ್ತು. ನಾನು ಮುದ್ದೆ ಕೋಲನ್ನು ಲಂಗದ ಮರೆಯಲ್ಲಿ ಹಿಡಿದು ಮಂಚದ ಪಕ್ಕ ನಿಂತೆ.

ಅಪ್ಪ ಕಣ್ಣು ಬಿಟ್ಟ. ಗುರುತೇ ಸಿಗದವನಂತೆ ನನ್ನನ್ನು ದಿಟ್ಟಿಸಿದ. ಅಳು ನುಂಗಿಕೊಂಡು ಕೋಲೆತ್ತಿದೆ.

“ಹುಳಕ್ಕೆ ಸೊಪ್ಪು ಹಾಕಿದ್ರೇನೇ?” ಎಂದ.

ಕೋಲು ತಾನಾಗಿ ಕೆಳಗಿಳಿಯಿತು.

“ಅದನ್ಯಾಕೇ ಹಿಡ್ಕೊಂಡಿದ್ದೀಯ?” ಒಲೆಯ ಬಳಿಯಿಂದ ಬಂದ ಅಜ್ಜಿ ಗದರಿದಳು.

“ಅಪ್ಪಂಗೆ ಹಸಿವಾಗಿರ್ತದೆ, ಮುದ್ದೆ ಮಾಡಜ್ಜಿ” ಎಂದೆ.