ಕಳ್ಳಿಪೀರದ ಕೊಕ್ಕಿನಲ್ಲಿ

ಮೂಸಕುಂಞಿ ಮೊಬೈಲನ್ನು ಎದೆಗೆ ಒತ್ತಿ ಹಿಡಿದುಕೊಂಡು ಅಂಗಳಕ್ಕೆ ಬಂದಾಗ ಭವಿತಾ ಜಗಲಿಯಲ್ಲಿ ಕೂತು ಕ್ಯಾಮರಾದ ಲೆನ್ಸ್ ಒರೆಸುತ್ತಿದ್ದಳು. ಬೇಲಿಯಾಚೆಯ ಮನೆಯವರೇ ಆದರೂ ಅವರು ಈ ಅಂಗಳಕ್ಕೆ ಕಾಲಿಡದೆ ತಿಂಗಳುಗಳಾಗಿದ್ದವು. ಅವಳು ಗಡಬಡಿಸಿ ಎದ್ದು ನಿಂತಳು.

"ಈ ಫೋಟೋ ನೀನೇ ತೆಗೆದದ್ದಾ?" ಅವರು ಮೊಬೈಲನ್ನು ಅವಳ ಮುಂದೆ ಹಿಡಿದರು.

"ಹೌದು ಮೂಸಾಕ."

ಬೆಳಿಗ್ಗೆ ಹಳೆಯ ಚಿತ್ರಗಳನ್ನು ನೋಡುತ್ತಾ ಕೂತಿದ್ದಾಗ ಸಿಕ್ಕಿದ್ದನ್ನು ಅವಳು ಸ್ಟೇಟಸ್ಸಿಗೆ ಹಾಕಿದ್ದಳು. ಕರೆಂಟು ತಂತಿಯ ಮೇಲೆ ಕೆಂದಲೆಯ ಕಳ್ಳಿಪೀರ ಹಕ್ಕಿ, ಅದರ ಉದ್ದ ಕೊಕ್ಕಿನಲ್ಲಿ ಒಂದು ಜೇನುನೊಣ. ಸುಳ್ಯದ ಲ್ಯಾಬಿನಲ್ಲಿ ವಾರವಿಡೀ ರಕ್ತ ಪರೀಕ್ಷೆ ಮಾಡುವ ಭವಿತಾ ಆದಿತ್ಯವಾರ ಬಂತೆಂದರೆ ಹಕ್ಕಿ, ಹುಳಗಳ ಹಿಂದೆ ತನ್ನೂರು ಮಂಡೆಕೋಲಿಡೀ ಅಲೆಯುತ್ತಿದ್ದಳು. ಈ ಒಂದು ಚಿತ್ರಕ್ಕೆ ಕುತ್ತಿಗೆ ನೋಯುವಷ್ಟು ಹೊತ್ತು ಕಾದಿದ್ದಳು.

"ಎಲ್ಲಿ ತೆಗೆದದ್ದು? ಯಾವಾಗ?"

"ನಿಮ್ಮ ದನದ ಹಟ್ಟಿಯ ಹಿಂದಿನ ತಂತಿ ಅದು. ನಮ್ಮ ಬೇಲಿ ಹತ್ತಿರ ನಿಂತು ತೆಗೆದೆ. ಕ್ರಿಸ್‌ಮಸ್‌ಗೆ ಮೊದಲಿನ ಆದಿತ್ಯವಾರ."

"ಜೇನುಪೆಟ್ಟಿಗೆ ತಂದು ವಾರ ಆಗಿತ್ತು ಆಗ," ಎಂದು ಮೂಸಕುಂಞಿ ತಮ್ಮಷ್ಟಕ್ಕೆ ಹೇಳಿಕೊಂಡರು. "ಅಪ್ಪನನ್ನು ಒಮ್ಮೆ ಕರಿ."

ಕರೆಯಲು ಭವಿತಾಳಿಗೆ ಹೆದರಿಕೆಯಾಯಿತು. ಅವಳ ಅಪ್ಪ ಜತ್ತಪ್ಪ ಜೇನು ಸಾಕುವವರು. ಒಂದು ಕುಟುಂಬವನ್ನು ಪಾಲು ಮಾಡಿ, ಆಗಷ್ಟೇ ಹುಟ್ಟಿದ ರಾಣಿಯ ಸಮೇತ ಒಂದು ಪೆಟ್ಟಿಗೆಯನ್ನು ಅವರೇ ಮೂಸಕುಂಞಿಗೆ ಕೊಟ್ಟಿದ್ದರು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಶಾಲೆ ಕಲಿತವರು. ಸ್ವಲ್ಪ ದಿನಗಳಲ್ಲೇ ಪೆಟ್ಟಿಗೆ ಬರಿದಾಯಿತು. ತೆರೆದು ನೋಡಿದರೆ ರಾಣಿಯೂ ಇಲ್ಲ, ಮೊಟ್ಟೆಯೂ ಇಲ್ಲ. ಹಾಲಿನ ಸೊಸೈಟಿಯಲ್ಲಿ ಎಲ್ಲರೆದುರು ಮೂಸಕುಂಞಿ, "ರಾಣಿ ಇಲ್ಲದ ಪೆಟ್ಟಿಗೆ ಕೊಟ್ಟು ನನಗೆ ಟೊಪ್ಪಿ ಹಾಕಿದ," ಎಂದುಬಿಟ್ಟರು. "ರಾಣಿ ಇತ್ತು," ಎಂದಷ್ಟೇ ಹೇಳಿ ಜತ್ತಪ್ಪ ಕ್ಯಾನು ಎತ್ತಿಕೊಂಡು ಬಂದಿದ್ದರು. ಆಮೇಲೆ ಮಾತಿಲ್ಲ. ಮೂಸಕುಂಞಿಯ ಮಗಳ ಮದುವೆಗೂ ಜತ್ತಪ್ಪ ಹೋಗಲಿಲ್ಲ. ಅವರ ಹತ್ತಿರ ಪೆಟ್ಟಿಗೆ ಕೇಳಿಕೊಂಡು ಬರುವವರೂ ನಿಂತುಹೋದರು.

ಜತ್ತಪ್ಪ ಕೈ ಒರೆಸಿಕೊಳ್ಳುತ್ತಾ ಬಂದು ಕಂಬಕ್ಕೆ ಒರಗಿ ನಿಂತರು. ಕೂತುಕೋ ಎನ್ನಲಿಲ್ಲ. ಅಮ್ಮ ಪೂವಮ್ಮ ನೀರು, ಬೆಲ್ಲ ತಂದಿಟ್ಟು ಬಾಗಿಲಲ್ಲೇ ಉಳಿದರು.

ಮೂಸಕುಂಞಿ ಕೂರಲೂ ಇಲ್ಲ, ನೀರು ಮುಟ್ಟಲೂ ಇಲ್ಲ. "ಜತ್ತಪ್ಪ, ಹೊಸ ರಾಣಿ ಗಂಡಿನ ಜೊತೆ ಸೇರ್ಲಿಕ್ಕೆ ಒಮ್ಮೆ ಹೊರಗೆ ಹಾರ್ತದೆ, ಆಗ ಹಕ್ಕಿ ಹಿಡಿದರೆ ಪೆಟ್ಟಿಗೆಯ ಕಥೆ ಮುಗೀತು ಅಂತ ನೀನೇ ಅಲ್ವಾ ಹೇಳಿದ್ದು? ಇಲ್ಲಿ ನೋಡು. ನನ್ನ ಪೆಟ್ಟಿಗೆ ಮೇಲಿನ ತಂತಿ. ನೊಣ ಎಷ್ಟು ದೊಡ್ಡದುಂಟು, ಎಷ್ಟು ಕಪ್ಪುಂಟು! ಇದು ರಾಣಿಯೇ. ನಾನು ಅಂದದ್ದು ತಪ್ಪು ಮಾರಾಯ. ಅದೇ ಸೊಸೈಟಿಯಲ್ಲಿ, ಅದೇ ಜನರ ಎದುರು ಹೇಳ್ತೇನೆ."

ಭವಿತಾಳಿಗೆ ಇದು ಹೊಳೆದೇ ಇರಲಿಲ್ಲ. ಅವಳು ಒಳಗೆ ಓಡಿ ಲ್ಯಾಪ್‌ಟಾಪ್ ತಂದು ಚಿತ್ರವನ್ನು ದೊಡ್ಡದಾಗಿ ತೆರೆದಳು. ಜತ್ತಪ್ಪ ಕನ್ನಡಕ ಹಾಕಿಕೊಂಡು ಬಗ್ಗಿದರು.

"ನೊಣದ ತಲೆ ಸ್ವಲ್ಪ ದೊಡ್ಡದು ಮಾಡು," ಎಂದರು.

ಅವಳು ಮಾಡಿದಳು. ಅವರು ತುಂಬ ಹೊತ್ತು ನೋಡಿದರು. ಮೂಸಕುಂಞಿ ಅವರ ಮುಖವನ್ನೇ ನೋಡುತ್ತಿದ್ದರು.

"ಇದು ಗಂಡು ನೊಣ," ಎಂದರು ಜತ್ತಪ್ಪ. "ಕಣ್ಣು ನೋಡು, ತಲೆ ತುಂಬ ಕಣ್ಣೇ ಉಂಟು. ಗಂಡಿಗೆ ಮಾತ್ರ ಹಾಗೆ. ರಾಣಿ ಅಲ್ಲ."

"ರಾಣಿಯೇ ಇರ್ಬಹುದಲ್ಲ," ಎಂದರು ಪೂವಮ್ಮ ಬಾಗಿಲಿನಿಂದ.

"ಅಪ್ಪ, ಇನ್ನೊಮ್ಮೆ ಸರಿ ನೋಡಿ." ಭವಿತಾಳ ದನಿ ಬೇಡುವ ಹಾಗಿತ್ತು. ಒಂದು ಹೌದು ಅಂದರೆ ಅಪ್ಪನ ಮೇಲಿನ ಅಪವಾದ ಮುಗಿಯುತ್ತಿತ್ತು. ಈ ಊರಲ್ಲಿ ಅವರ ಮಾತಿಗೆ ಅಲ್ಲ ಎನ್ನುವಷ್ಟು ಜೇನು ಗೊತ್ತಿದ್ದವರು ಯಾರೂ ಇರಲಿಲ್ಲ.

"ನೋಡಿದೆ ಮಗಾ. ಫೋಟೋ ಚಂದ ಬಂದಿದೆ. ಹಾಗಾಗಿ ಎಲ್ಲ ಸರಿ ಕಾಣ್ತದೆ."

ತಾನು ತೆಗೆದ ಚಿತ್ರವೊಂದು ಮಸುಕಾಗಿ ಬಂದಿದ್ದರೆ ಒಳ್ಳೆಯದಿತ್ತು ಎಂದು ಭವಿತಾಳಿಗೆ ಅನಿಸಿದ್ದು ಅದೇ ಮೊದಲು. ಅವಳು ಲ್ಯಾಪ್‌ಟಾಪ್ ಮುಚ್ಚಿದಳು.

ಮೂಸಕುಂಞಿ ಮೊಬೈಲನ್ನು ಕಿಸೆಗೆ ಹಾಕಿಕೊಂಡರು. ಮೆಟ್ಟಿಲಿಳಿದರು. ಅಂಗಳದ ನಡುವಿನ ತನಕ ಹೋದವರು ಅಲ್ಲೇ ನಿಂತರು. ಆಮೇಲೆ ಹಿಂದೆ ಬಂದು, ಯಾರೂ ಹೇಳದೆಯೇ ಜಗಲಿಯ ಮೇಲೆ ಕೂತು, ಬೆಲ್ಲದ ಚೂರನ್ನು ಬಾಯಿಗೆ ಹಾಕಿಕೊಂಡರು.

"ಹಾಗಾದ್ರೆ ರಾಣಿ ಇತ್ತು," ಎಂದರು.

"ಇದು ಗಂಡು ಅಂತ ಈಗ ಹೇಳಿದೆನಲ್ಲ?"

"ಇದಲ್ಲ ಮಾರಾಯ. ನೀನು ಕೊಟ್ಟ ಪೆಟ್ಟಿಗೆಯಲ್ಲಿ."